ಬಾವಿಗೆ ಬಿದ್ದಳೆಂದು ಹೇಳಿದ್ದ ದೊಡ್ಡತ್ತೆ: ಈ ವಂಶವೃಕ್ಷಕ್ಕೆ ನಾನು ಸಹಿ ಹಾಕಬೇಕೆ?

ನಾಲೆದಂಡೆ (ಚರ್ಚೆ ಆರಂಭಿಸಿದವರು)

ನಮ್ಮದು ದಾವಣಗೆರೆಗೆ ಹತ್ತಿರದ, ಭದ್ರಾ ನಾಲೆಯ ನೀರು ಉಣ್ಣುವ ಒಂದು ಹಳ್ಳಿ. ಕಳೆದ ವರ್ಷ ಅಪ್ಪಾಜಿ ತೀರಿಕೊಂಡರು. ಜಮೀನಿನ ಪಹಣಿ ಇಂದಿಗೂ 1989ರಲ್ಲಿ ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಇರುವುದರಿಂದ, ಅದನ್ನು ವಾರಸುದಾರರ ಹೆಸರಿಗೆ ಬದಲಾಯಿಸುವ ಪೌತಿ ಖಾತೆಗಾಗಿ ಅಣ್ಣ ವಂಶವೃಕ್ಷದ ಅರ್ಜಿಯನ್ನು ಸಿದ್ಧಪಡಿಸಿದ. ಅದರಲ್ಲಿ ಅಜ್ಜನಿಗೆ ಇಬ್ಬರೇ ಮಕ್ಕಳು: ಅಪ್ಪಾಜಿ ಮತ್ತು ಚಿಕ್ಕತ್ತೆ. ದೊಡ್ಡತ್ತೆ 1968ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಹಿತ್ತಿಲ ಬಾವಿಗೆ ಬಿದ್ದು ತೀರಿಹೋದಳೆಂದು ನಾವೆಲ್ಲರೂ ಕೇಳಿಕೊಂಡು ಬೆಳೆದವರು. ಮದುವೆಯಾಗದೆ ಸತ್ತವಳ ಹೆಸರನ್ನು ಬರೆಯುವ ಅಗತ್ಯ ಯಾರಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ.

ಆ ಬಾವಿಯ ಮೇಲೆ ಕಲ್ಲುಚಪ್ಪಡಿ ಎಳೆಸಿದ್ದರು. ಮಕ್ಕಳು ಅದರ ಮೇಲೆ ಕುಳಿತರೆ ಅಜ್ಜಿ ಬೈಯುತ್ತಿದ್ದಳು. ಪ್ರತಿ ವರ್ಷ ಹಿರಿಯರ ಹಬ್ಬದಲ್ಲಿ ದೊಡ್ಡತ್ತೆಯ ಹೆಸರಿಗೆ ಎಡೆಯಿಟ್ಟು, ಹೊಸ ಸೀರೆಯೊಂದನ್ನು ಇಟ್ಟು ಪೂಜೆ ಮಾಡಿ, ಆ ಸೀರೆಯನ್ನು ಚಿಕ್ಕತ್ತೆಗೆ ಕೊಡುತ್ತಿದ್ದರು.

ಅರ್ಜಿಗೆ ಹಳೆಯ ಕಂದಾಯ ರಸೀದಿ ಬೇಕಾಗಬಹುದೆಂದು ಅಟ್ಟದ ಮೇಲಿನ ಡಬ್ಬಿಯನ್ನು ಇಳಿಸಿದೆ. ಅಪ್ಪಾಜಿ ರಸೀದಿಗಳನ್ನು ಒಂದು ತಂತಿಗೆ ಚುಚ್ಚಿ ಇಡುತ್ತಿದ್ದರು. ಆ ತಂತಿಯಲ್ಲಿಯೇ, ಆಯಾ ವರ್ಷದ ರಸೀದಿಯ ಪಕ್ಕದಲ್ಲಿ, ಇನ್‌ಲ್ಯಾಂಡ್ ಪತ್ರಗಳು ಸಿಕ್ಕಿದವು. ಒಟ್ಟು ಇಪ್ಪತ್ಮೂರು. ಮೊದಲನೆಯದು 1969ರದು, ಕೊನೆಯದು 2003ರದು. ಎಲ್ಲವೂ ದೊಡ್ಡತ್ತೆಯವು, ಬೆಳಗಾವಿ ಸೀಮೆಯ ಒಂದು ಕುಷ್ಠರೋಗ ಆಸ್ಪತ್ರೆಯಿಂದ, ಆಮೇಲೆ ಅದರ ಸಮೀಪದ ಕಾಲೋನಿಯಿಂದ ಬಂದಂಥವು.

ಮೊದಲ ಪತ್ರಗಳ ವಿಳಾಸದಲ್ಲಿ "ಮೈಸೂರು ರಾಜ್ಯ, ಚಿತ್ರದುರ್ಗ ಜಿಲ್ಲೆ, ದಾವಣಗೆರೆ ತಾಲ್ಲೂಕು" ಎಂದಿದೆ. 1973ರಲ್ಲಿ ರಾಜ್ಯದ ಹೆಸರು ಬದಲಾದ ನಂತರ ಅವಳೂ "ಕರ್ನಾಟಕ" ಎಂದು ಬರೆದಿದ್ದಾಳೆ. ಅದು ಎಲ್ಲರಿಗೂ ಗೊತ್ತಾದ ಸುದ್ದಿ. ಆದರೆ 1997ರಲ್ಲಿ ದಾವಣಗೆರೆಯೇ ಜಿಲ್ಲೆಯಾದ ಮೇಲೂ, 2003ರ ಪತ್ರದವರೆಗೆ, "ಚಿತ್ರದುರ್ಗ ಜಿಲ್ಲೆ" ಎಂದೇ ಇದೆ. ಊರಿನಿಂದ ಒಂದು ಉತ್ತರವಾದರೂ ಹೋಗಿದ್ದರೆ ಈ ತಪ್ಪು ಉಳಿಯುತ್ತಿರಲಿಲ್ಲ ಎಂಬ ಯೋಚನೆಯಿಂದ ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಅಣ್ಣನಿಗೆ ಪತ್ರಗಳನ್ನು ತೋರಿಸಿದಾಗ ಅವನು ಓದದೆ ಹಿಂದಿರುಗಿಸಿದ. ಅವ್ವನಿಗೆ ಮದುವೆಯಾದ ವರ್ಷದಿಂದಲೇ ಗೊತ್ತಿತ್ತಂತೆ. ಚಿಕ್ಕತ್ತೆಗೆ ಮೊದಲಿನಿಂದಲೂ ಗೊತ್ತಿತ್ತು, ಅವಳು ನನಗೆ ಹೇಳಿದ್ದು ಒಂದೇ ಮಾತು: "ನಿಮ್ಮಪ್ಪ ಮುಚ್ಚಿಟ್ಟಿದ್ದನ್ನ ನೀನು ಬೀದಿಗೆ ಹಾಕಬ್ಯಾಡ." ಹೆದ್ದಾರಿಯ ಕಡೆಯ ತುಂಡಿಗೆ ಗಿರಾಕಿ ಬಂದಿರುವುದರಿಂದ ಅಣ್ಣನಿಗೆ ಅವಸರವಿದೆ. ದೊಡ್ಡತ್ತೆ ಬದುಕಿದ್ದಾಳೋ ಇಲ್ಲವೋ ತಿಳಿಯದು. ನಾನು ಸಹಿ ಹಾಕಿಲ್ಲ. ಹಾಕದಿರುವುದು ಸರಿಯೇ?

ಚಳ್ಳಕೆರೆ ಬಯಲು

ನನ್ನ ಮಾತು ಕಹಿಯಾಗಿ ಕಂಡರೆ ಕ್ಷಮಿಸಿ. ಅಂದಿನ ಕಾಲದಲ್ಲಿ "ದೊಡ್ಡ ರೋಗ" ಎಂದೇ ಕರೆಯುತ್ತಿದ್ದ ಆ ಕಾಯಿಲೆಯ ಹೆಸರು ಮನೆಯಲ್ಲಿ ಕೇಳಿಬಂದರೆ, ಉಳಿದ ಹೆಣ್ಣುಮಕ್ಕಳನ್ನು ಯಾರೂ ನೋಡಲು ಬರುತ್ತಿರಲಿಲ್ಲ, ಗಂಡುಮಕ್ಕಳಿಗೆ ಹೆಣ್ಣು ಕೊಡುತ್ತಿರಲಿಲ್ಲ, ಪಂಕ್ತಿಯಲ್ಲಿ ಕೂರಿಸುತ್ತಿರಲಿಲ್ಲ. ನಿಮ್ಮ ಅಜ್ಜ ಒಬ್ಬಳನ್ನು ಕಳೆದುಕೊಂಡು ಇಬ್ಬರನ್ನು ಉಳಿಸಿಕೊಂಡರು. ಅದು ಕ್ರೌರ್ಯವೆಂದು ಹೇಳುವ ಹಕ್ಕು ಇಂದು ಆರಾಮವಾಗಿ ಕುಳಿತಿರುವ ನಮಗೆ ಎಷ್ಟಿದೆ? ಎಪ್ಪತ್ತರ ಅಂಚಿನಲ್ಲಿರುವ ಚಿಕ್ಕತ್ತೆಯ ಗಂಡನ ಮನೆಯವರಿಗೆ ಈಗ ಇದು ತಿಳಿದರೆ ಅವರ ಮೊಮ್ಮಕ್ಕಳ ಸಂಬಂಧಗಳು ಏನಾಗುತ್ತವೆ ಎಂಬುದನ್ನೂ ಯೋಚಿಸಿ. ಸತ್ಯ ಹೇಳಿದ ಸಮಾಧಾನ ನಿಮಗೆ ಸಿಗುತ್ತದೆ, ಅದರ ಬೆಲೆಯನ್ನು ಬೇರೊಬ್ಬರು ಕೊಡುತ್ತಾರೆ.

ಹಳೆಯ ದಫ್ತರ

ನಾನು ಗ್ರಾಮ ಲೆಕ್ಕಿಗನಾಗಿ ಕೆಲಸ ಮಾಡಿ ನಿವೃತ್ತನಾದವನು. ಈಗ ಆ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಎಂದು ಹೆಸರಿಟ್ಟಿದ್ದಾರೆ, ಕೆಲಸ ಅದೇ. ಭಾವನೆಯ ವಿಷಯವನ್ನು ಬೇರೆಯವರು ಹೇಳಲಿ, ನಾನು ಕಾಗದದ ವಿಷಯವನ್ನು ಹೇಳುತ್ತೇನೆ.

ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗ ನೋಟರಿ ಮಾಡಿಸಿದ ಪ್ರಮಾಣಪತ್ರ (ಅಫಿಡವಿಟ್) ಕೊಡಬೇಕು. ಆಮೇಲೆ ಲೆಕ್ಕಿಗನು ಊರಿಗೆ ಬಂದು ನೆರೆಹೊರೆಯವರನ್ನು ವಿಚಾರಿಸಿ ಮಹಜರು ಬರೆಯುತ್ತಾನೆ. ಅಡಗಿಸಿದ ಹೆಸರುಗಳು ತಪ್ಪಿಹೋಗುವುದು ಈ ಹಂತದಲ್ಲಿಯೇ. ಮಹಜರಿಗೆ ಸಾಕ್ಷಿಯಾಗುವ ಪಂಚರಲ್ಲಿ ಹಿರಿಯನೊಬ್ಬನಿದ್ದರೆ ಅವನಿಗೆ ಗೊತ್ತಿರುತ್ತದೆ. ಆದರೆ ಮನೆಯವರ ಮುಖ ನೋಡಿ ಸುಮ್ಮನಾಗುತ್ತಾನೆ. ನಾನು ಬರೆದ ಮಹಜರುಗಳಲ್ಲಿಯೂ ಹೀಗೆ ಬಿಟ್ಟುಹೋದ ಹೆಣ್ಣುಮಕ್ಕಳು ಇದ್ದಾರೆ. ಬಹುತೇಕರು ಸತ್ತವರಲ್ಲ; ಕೇವಲ ಮದುವೆಯಾಗಿ ದೂರ ಹೋದವರು.

ನಿಮ್ಮ ಅಣ್ಣ "ಆಕೆ ಮೃತಳು" ಎಂದು ಬರೆಸುವುದೂ ಸುಲಭವಲ್ಲ. 1968ರ ಮರಣಕ್ಕೆ ಇಂದು ಪ್ರಮಾಣಪತ್ರ ಬೇಕೆಂದರೆ, ವರ್ಷ ಮೀರಿದ ನೋಂದಣಿಯಾದುದರಿಂದ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ, ಅಂದರೆ ಅಲ್ಲಿಯೂ ಪ್ರಮಾಣ ಮಾಡಬೇಕಾಗುತ್ತದೆ. ಅದಕ್ಕಾಗಿಯೇ ಅವನು ಹೆಸರನ್ನೇ ಬಿಟ್ಟಿರುವುದು. ಸತ್ತಳೆಂದು ಹೇಳುವುದಕ್ಕಿಂತ ಹುಟ್ಟಲೇ ಇಲ್ಲವೆಂದು ಹೇಳುವುದು ನಮ್ಮ ಕಚೇರಿಗಳಲ್ಲಿ ಹೆಚ್ಚು ಸುಲಭ.

ಕೋಟೆಯ ಊರು

ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ಕುಷ್ಠರೋಗ ಪತ್ತೆಹಚ್ಚುವ ಕೆಲಸದಲ್ಲಿ ಹಲವು ವರ್ಷ ಹಳ್ಳಿಗಳನ್ನು ಸುತ್ತಿದವಳು ನಾನು. ಚಳ್ಳಕೆರೆ ಬಯಲು ಅವರು ಹೇಳಿದ ಭಯ ನಿಜವಾದದ್ದು; ಆ ಭಯಕ್ಕೆ ಕಾರಣವಾದ ತಿಳಿವಳಿಕೆ ಮಾತ್ರ ಅಂದಿಗೇ ಹಳೆಯದಾಗಿತ್ತು.

ಈ ಕಾಯಿಲೆ ವಂಶದಿಂದ ಬರುವುದಿಲ್ಲ. 1873ರಲ್ಲಿಯೇ ನಾರ್ವೆಯ ವೈದ್ಯ ಹ್ಯಾನ್ಸೆನ್ ಇದರ ರೋಗಾಣುವನ್ನು ಕಂಡಿದ್ದರು. ರೋಗಾಣು ಮೈಸೇರಿದರೂ ಬಹುಪಾಲು ಜನರಿಗೆ ಕಾಯಿಲೆ ಬರುವುದಿಲ್ಲ, ಏಕೆಂದರೆ ದೇಹವೇ ಅದನ್ನು ತಡೆಯುತ್ತದೆ. ಬಂದರೂ ಲಕ್ಷಣ ಕಾಣಿಸಲು ವರ್ಷಗಳು, ಕೆಲವೊಮ್ಮೆ ಇಪ್ಪತ್ತು ವರ್ಷಗಳು ಬೇಕಾಗುತ್ತವೆ. ನಿಮ್ಮ ದೊಡ್ಡತ್ತೆಯನ್ನು ಕಳುಹಿಸಿದ ಕಾಲಕ್ಕೆ ಡ್ಯಾಪ್ಸೋನ್ ಮಾತ್ರೆ ಬಂದಾಗಿತ್ತು, ಆದರೆ ಅದನ್ನು ವರ್ಷಗಟ್ಟಲೆ ನುಂಗಬೇಕಾಗಿತ್ತು. 1980ರ ದಶಕದಲ್ಲಿ ಬಹುಔಷಧ ಚಿಕಿತ್ಸೆ ಬಂದ ಮೇಲೆ ಆರು ತಿಂಗಳು ಅಥವಾ ಒಂದು ವರ್ಷದಲ್ಲಿ ಗುಣವಾಗುತ್ತದೆ, ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ, ಔಷಧ ಆರಂಭಿಸಿದ ಸ್ವಲ್ಪ ಸಮಯದಲ್ಲಿಯೇ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ.

ನಾವು ಶಾಲೆಗೆ ಹೋಗಿ ಮಕ್ಕಳ ಮಚ್ಚೆಯನ್ನು ಹಗುರವಾಗಿ ಮುಟ್ಟಿ, ಮುಟ್ಟಿದ್ದು ತಿಳಿಯಿತೇ ಎಂದು ಕೇಳುತ್ತಿದ್ದೆವು. ಸ್ಪರ್ಶ ಹೋಗುವುದೇ ಮೊದಲ ಸೂಚನೆ. ಹೆಂಗಸರಲ್ಲಿ ಅದು ಒಲೆಯ ಮುಂದೆ ಗೊತ್ತಾಗುತ್ತಿತ್ತು: ರೊಟ್ಟಿ ಬಡಿಯುವಾಗ ಹಂಚು ಕೈಗೆ ತಗಲಿ ಬೊಬ್ಬೆ ಎದ್ದಿದ್ದರೂ ಆಕೆಗೆ ಉರಿಯ ಅರಿವೇ ಇರುತ್ತಿರಲಿಲ್ಲ. ಬೆರಳು ಮೊಂಡಾಗುವುದು ರೋಗ ಬೆರಳನ್ನು ತಿನ್ನುವುದರಿಂದಲ್ಲ. ನೋವು ತಿಳಿಯದ ಕೈಗೆ ಪದೇ ಪದೇ ಗಾಯವಾಗುವುದರಿಂದ. ಈ ಒಂದು ವಾಕ್ಯವನ್ನು ಹೇಳುವುದರಲ್ಲಿಯೇ ನನ್ನ ನೌಕರಿ ಕಳೆಯಿತು. ಚಿಕ್ಕತ್ತೆಗೂ ಯಾರಾದರೂ ಇದನ್ನು ಒಮ್ಮೆ ಹೇಳಬೇಕಾಗಿತ್ತು.

ವಕಾಲತ್ತು

ಕಾನೂನಿನ ಕಡೆಯಿಂದ ನೋಡಿದರೆ ವಿಷಯ ನಿಮ್ಮ ಅಣ್ಣ ತಿಳಿದಿರುವಷ್ಟು ಸರಳವಾಗಿಲ್ಲ.

ಏಳು ವರ್ಷ ಸುದ್ದಿಯಿಲ್ಲದವರನ್ನು ಮೃತರೆಂದು ಭಾವಿಸಬಹುದೆಂಬ ನಿಯಮ ಹಿಂದಿನ ಸಾಕ್ಷ್ಯ ಕಾಯಿದೆಯ 108ನೆಯ ಕಲಮಿನಲ್ಲಿತ್ತು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 111ನೆಯದು. ಆದರೆ ಸುದ್ದಿ ತಿಳಿಯಬೇಕಾದವರಿಗೇ ತಿಳಿಯದೆ ಹೋದಾಗ ಮಾತ್ರ ಆ ನಿಯಮ ನೆರವಿಗೆ ಬರುತ್ತದೆ. ಸುದ್ದಿ ಬರುತ್ತಲೇ ಇದ್ದು, ಅದನ್ನು ತಂತಿಗೆ ಚುಚ್ಚಿಟ್ಟವರು ಆ ನಿಯಮದ ಮೊರೆ ಹೋಗಲಾರರು. 2003ರ ನಂತರ ಸುದ್ದಿಯಿಲ್ಲವೆಂದು ವಾದಿಸಬಹುದು, ಆದರೆ ವಿಳಾಸ ಕೈಯಲ್ಲಿದ್ದೂ ವಿಚಾರಿಸದವರ ವಾದವನ್ನು ಯಾವ ನ್ಯಾಯಾಧೀಶರೂ ಸುಲಭವಾಗಿ ಒಪ್ಪುವುದಿಲ್ಲ.

ಜಮೀನು ಪಿತ್ರಾರ್ಜಿತವಾಗಿದ್ದು, 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ವಿಭಾಗವಾಗಲೀ ನ್ಯಾಯಾಲಯದ ಡಿಕ್ರಿಯಾಗಲೀ ಆಗಿರದಿದ್ದರೆ, ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯಂತೆ ಮಗಳೂ ಹುಟ್ಟಿನಿಂದಲೇ ಸಮಪಾಲಿಗೆ ಬಾಧ್ಯಳು. ತಂದೆ ಅದಕ್ಕೆ ಮೊದಲೇ ತೀರಿದ್ದರೂ ಇದು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ದೊಡ್ಡತ್ತೆ ಬದುಕಿದ್ದರೆ ಆಕೆಯ ಪಾಲು ಮೂರರಲ್ಲಿ ಒಂದು. ಆಕೆ ಬೇಡವೆಂದರೂ ಬಾಯಿಮಾತು ಸಾಲದು, ನೋಂದಾಯಿತ ಹಕ್ಕುಬಿಡುಗಡೆ ಪತ್ರ ಆಗಬೇಕು.

ಇನ್ನೊಂದು ಕಲಮನ್ನು ಓದಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಕಲಮು, ಯಾವುದೇ ಕಾಯಿಲೆ, ಊನ ಅಥವಾ ವಿಕಲತೆಯ ಕಾರಣದಿಂದ ಯಾರೂ ಉತ್ತರಾಧಿಕಾರಕ್ಕೆ ಅನರ್ಹರಾಗುವುದಿಲ್ಲ ಎಂದು ಹೇಳುತ್ತದೆ. ಹಳೆಯ ಧರ್ಮಶಾಸ್ತ್ರದಲ್ಲಿ ಕುಷ್ಠರೋಗಿಗೆ ಪಾಲಿರಲಿಲ್ಲ. ಅಂದರೆ ನಿಮ್ಮ ಅಜ್ಜ ಮಗಳನ್ನು ಕಳುಹಿಸುವ ಹನ್ನೆರಡು ವರ್ಷ ಮೊದಲೇ ಕಾನೂನು ಆ ಮಾತನ್ನು ಕೈಬಿಟ್ಟಿತ್ತು, ಮನೆಗಳು ಬಿಟ್ಟಿರಲಿಲ್ಲ. ಕಾನೂನನ್ನೂ ಹೊಗಳುವಂತಿಲ್ಲ: 1898ರ ಕುಷ್ಠರೋಗಿಗಳ ಕಾಯಿದೆ ರದ್ದಾದದ್ದು 2016ರಲ್ಲಿ, ಈ ರೋಗವನ್ನು ವಿಚ್ಛೇದನದ ಕಾರಣಗಳಿಂದ ತೆಗೆದದ್ದು 2019ರಲ್ಲಿ.

ಸಹಿ ಹಾಕಬೇಡಿ. ತಿಳಿದೂ ಸುಳ್ಳು ಪ್ರಮಾಣ ಮಾಡುವುದು ಅಪರಾಧ. ನೀವು ಈ ಹೊತ್ತು ತಿಳಿದವರ ಸಾಲಿನಲ್ಲಿದ್ದೀರಿ.

ನಾಲೆದಂಡೆ

ಎಲ್ಲರಿಗೂ ಕೃತಜ್ಞತೆಗಳು. ಕೋಟೆಯ ಊರು ಅವರು ಬರೆದ ಹಂಚಿನ ಮಾತನ್ನು ಓದಿ ಅವ್ವನನ್ನು ಕೇಳಿದೆ. ದೊಡ್ಡತ್ತೆಗೆ ಆದದ್ದೂ ಹಾಗೆಯೇ ಅಂತೆ. ಕೈ ಸುಟ್ಟಿದ್ದನ್ನು ಮೊದಲು ಕಂಡವಳು ಹದಿಮೂರು ವರ್ಷದ ಚಿಕ್ಕತ್ತೆ. "ಅಕ್ಕನಿಗೆ ಉರೀನೇ ಇಲ್ಲ" ಎಂದು ಅಜ್ಜಿಗೆ ಹೋಗಿ ಹೇಳಿದವಳೂ ಅವಳೇ. ಅದರ ಮರುತಿಂಗಳು ನಸುಕಿನಲ್ಲಿ ಅಜ್ಜ ಗಾಡಿ ಕಟ್ಟಿಸಿ ಮಗಳನ್ನು ಹರಿಹರದ ರೈಲಿಗೆ ಒಯ್ದರು. ಇದನ್ನು ಕೇಳಿದ ಮೇಲೆ ಚಿಕ್ಕತ್ತೆಯ ಮೇಲಿದ್ದ ನನ್ನ ಕೋಪ ಎಲ್ಲಿಡಬೇಕೋ ತಿಳಿಯದಂತಾಗಿದೆ.

ಮನೆಯಂತೂ ಒಡೆದಿದೆ. ಅಣ್ಣ ಗಿರಾಕಿಯಿಂದ ಮುಂಗಡ ತೆಗೆದುಕೊಂಡಿದ್ದನಂತೆ, ಅದು ನನಗೆ ಈಗ ತಿಳಿಯಿತು. ಅತ್ತಿಗೆ ನನ್ನ ಮಕ್ಕಳೊಂದಿಗೂ ಮಾತು ಬಿಟ್ಟಿದ್ದಾಳೆ. ಅವ್ವ ಒಂದು ವಾರ ಅಣ್ಣನ ಮನೆ, ಒಂದು ವಾರ ನನ್ನ ಮನೆ ಎಂದು ಓಡಾಡುತ್ತ, ಎರಡೂ ಕಡೆ ಊಟ ಕಡಿಮೆ ಮಾಡಿದ್ದಾಳೆ.

ಮುಂದಿನ ವಾರ ಬೆಳಗಾವಿ ಕಡೆಗೆ ಹೊರಟಿದ್ದೇನೆ.

ಕಾಲೋನಿಯ ಮಗ

ಇಷ್ಟು ದಿನ ಓದುತ್ತ ಸುಮ್ಮನಿದ್ದೆ. ನೀವು ಹೊರಟಿದ್ದೀರೆಂದು ತಿಳಿದ ಮೇಲೆ ಬರೆಯಬೇಕೆನಿಸಿತು. ನಾನು ಅಂಥ ಒಂದು ಕಾಲೋನಿಯಲ್ಲಿ ಹುಟ್ಟಿದವನು. ಅಪ್ಪ ಅಮ್ಮ ಇಬ್ಬರೂ ಗುಣವಾದ ರೋಗಿಗಳು, ಆಸ್ಪತ್ರೆಯಲ್ಲಿ ಭೇಟಿಯಾಗಿ ಮದುವೆಯಾದವರು. ನನಗೂ ತಂಗಿಗೂ ಯಾವ ಕಾಯಿಲೆಯೂ ಇಲ್ಲ.

ನಮ್ಮ ಕಾಲೋನಿಯಲ್ಲಿ ಬಹಳ ಜನರಿಗೆ ಎರಡು ಹೆಸರುಗಳಿದ್ದವು. ಊರಿನ ಮರ್ಯಾದೆಗೆ ಧಕ್ಕೆಯಾಗಬಾರದೆಂದು ಸೇರಿಸುವಾಗಲೇ ಮನೆಯವರು ಬೇರೆ ಹೆಸರು ಬರೆಸುತ್ತಿದ್ದರು. ಆದ್ದರಿಂದ ನೀವು ಅಲ್ಲಿ ಹೋಗಿ ನಿಮಗೆ ಗೊತ್ತಿರುವ ಹೆಸರನ್ನು ಕೇಳಿದರೆ ಯಾರೂ ಗುರುತಿಸದೆ ಇರಬಹುದು. ಊರು, ಬಂದ ವರ್ಷ, ಕಂಡಿದ್ದರೆ ಪತ್ರದ ಕೈಬರಹ, ಇವುಗಳಿಂದ ವಿಚಾರಿಸಿ.

ಇನ್ನೊಂದು ಮಾತು. ನನ್ನ ಅಮ್ಮನನ್ನು ನೋಡಲು ಮೂವತ್ತು ವರ್ಷಗಳ ನಂತರ ಒಬ್ಬ ಸಂಬಂಧಿಕರು ಹಣ್ಣು ಹೂವು ತಂದು, ಕಾಲಿಗೆ ಬಿದ್ದು ಅತ್ತು ಹೋದರು. ಅಮ್ಮ ಅವರ ಮುಂದೆ ನಗುತ್ತಲೇ ಇದ್ದಳು, ಆಮೇಲೆ ಎರಡು ದಿನ ಮಾತನಾಡಲಿಲ್ಲ. ಅಳುವುದಕ್ಕಾಗಿ ಹೋಗುವುದಾದರೆ ದಯವಿಟ್ಟು ಹೋಗಬೇಡಿ. ಕ್ಷಮಿಸಿದೆ ಎಂಬ ಮಾತನ್ನು ಕೇಳಿಸಿಕೊಂಡು ಬರಲು ಹೋಗುವುದಾದರೂ ಬೇಡ. ಪತ್ರಗಳನ್ನು ಒಯ್ಯಿರಿ. ಅವು ತಲುಪಿದ್ದವೆಂಬುದು ಅವರಿಗೆ ತಿಳಿಯಲಿ.

ಚಳ್ಳಕೆರೆ ಬಯಲು

ನನ್ನ ಅಭಿಪ್ರಾಯವನ್ನು ಪೂರ್ತಿ ಬದಲಾಯಿಸಿಕೊಂಡಿಲ್ಲ, ಚಿಕ್ಕತ್ತೆಯ ಬಗ್ಗೆ ಹೇಳಿದ್ದು ಈಗಲೂ ನಿಲ್ಲುತ್ತದೆ. ಆದರೆ ಮುಂಗಡದ ವಿಷಯ ತಿಳಿದ ಮೇಲೆ, ನಿಮ್ಮ ಅಣ್ಣ ಕಾಪಾಡುತ್ತಿರುವುದು ಮನೆಯ ಮಾನವನ್ನಲ್ಲ ಎಂದು ಒಪ್ಪುತ್ತೇನೆ.

ನಾಲೆದಂಡೆ

ಹೋಗಿ ಬಂದು ಹತ್ತು ದಿನಗಳಾದವು, ಬರೆಯಲು ತಡವಾಯಿತು.

ದೊಡ್ಡತ್ತೆ ಬದುಕಿದ್ದಾಳೆ. ಎಪ್ಪತ್ತೈದು ವರ್ಷ. ಕಾಲೋನಿಯ ಮಗ ಅವರು ಹೇಳಿದಂತೆಯೇ ಆಯಿತು, ನಾನು ಕೇಳಿದ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. "ದಾವಣಗೆರೆ ಕಡೆಯಿಂದ ಅರವತ್ತೆಂಟರಲ್ಲಿ ಬಂದವರು" ಎಂದಾಗ ಒಬ್ಬ ಮುದುಕರು ಕೊನೆಯ ಸಾಲಿನ ಮನೆಯನ್ನು ತೋರಿಸಿದರು. ಅವಳ ಬಲಗೈ ಬೆರಳುಗಳು ಮಡಿಚಿಕೊಂಡಿವೆ. ಮಾತು ಮಾತ್ರ ಅರ್ಧ ನಮ್ಮೂರಿನದು, ಅರ್ಧ ಬೆಳಗಾವಿಯದು. ಗಂಡ ತೀರಿಹೋಗಿದ್ದಾರೆ. ಮಗಳು ಜೊತೆಯಲ್ಲಿದ್ದಾಳೆ, ಹೊಲಿಗೆ ಕೆಲಸ ಮಾಡುತ್ತಾಳೆ. 1990ರ ನಂತರದ ಪತ್ರಗಳ ಕೈಬರಹ ಬೇರೆಯಾಗಿದ್ದುದಕ್ಕೆ ಕಾರಣ ಆಗ ತಿಳಿಯಿತು: ತಾಯಿ ಹೇಳಿದ್ದನ್ನು ಶಾಲೆಗೆ ಹೋಗುತ್ತಿದ್ದ ಈ ಮಗಳು ಬರೆಯುತ್ತಿದ್ದಳು.

ಪತ್ರಗಳನ್ನು ಅವಳ ಮುಂದಿಟ್ಟೆ. ಅವಳು ಓದಲಿಲ್ಲ. ಪ್ರತಿ ಪತ್ರದ ನಡುವಿನ ತೂತನ್ನು ನೋಡಿ, "ಇದೇನು?" ಎಂದಳು. ಕಂದಾಯದ ರಸೀದಿಗಳ ತಂತಿಯ ಸಂಗತಿಯನ್ನು ಹೇಳಿದೆ. "ಹಂಗಾದ್ರೆ ವರ್ಷ ವರ್ಷ ತೆಗೆದು ನೋಡ್ಯಾನೆ" ಎಂದಳು. ಅಪ್ಪಾಜಿಯ ಬಗ್ಗೆ ಅವಳು ಆಡಿದ್ದು ಅಷ್ಟೇ. ಅದು ಬೈಗುಳವೋ ಸಮಾಧಾನವೋ ನನಗೆ ಇಂದಿಗೂ ಅರ್ಥವಾಗಿಲ್ಲ. ಹಿರಿಯರ ಹಬ್ಬದ ಎಡೆಯ ವಿಷಯವನ್ನು ಹೇಳಬಾರದೆಂದುಕೊಂಡಿದ್ದೆ, ಬಾಯಿ ತಪ್ಪಿ ಹೇಳಿಬಿಟ್ಟೆ. ಸೀರೆಯ ಬಣ್ಣ ಯಾವುದಿರುತ್ತಿತ್ತು ಎಂದು ಕೇಳಿದಳು. ಹಸಿರು ಎಂದೆ. ಮಗಳ ಕಡೆ ತಿರುಗಿ ನಕ್ಕಳು.

ಇನ್ನು ಜಮೀನಿನ ವಿಷಯ. ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಅವಳು "ನನಗೇನೂ ಬೇಡ, ಹೆಸರೊಂದು ಇರಲಿ" ಎನ್ನುತ್ತಾಳೆಂದು ನಾನು ಒಳಗೊಳಗೇ ನಂಬಿಕೊಂಡು ಹೋಗಿದ್ದೆ. ಅವಳು ನೇರವಾಗಿ, "ಪಾಲು ಬೇಕು" ಎಂದಳು. ಈಗಿರುವ ಮನೆ ಕಾಲೋನಿಯದು, ತಾನು ಹೋದ ಮೇಲೆ ಮಗಳಿಗೆ ಅಲ್ಲಿ ಇರಲು ಬಿಡುತ್ತಾರೋ ಇಲ್ಲವೋ ತಿಳಿಯದು, ಆದ್ದರಿಂದ ಪಾಲು ಬೇಕು. ಒಂದು ಕ್ಷಣ ನನ್ನ ಮನಸ್ಸು ಮುದುಡಿತು. ಅದನ್ನು ಅವಳು ಗಮನಿಸಿದಳೆಂದೇ ನನ್ನ ಅನುಮಾನ. ಸತ್ಯಕ್ಕಾಗಿ ನಿಂತಿದ್ದೇನೆಂದುಕೊಂಡಿದ್ದ ನಾನು, ಆ ಸತ್ಯ ಖರ್ಚಿಲ್ಲದೆ ಸಿಗಲಿ ಎಂದು ಬಯಸಿದ್ದೆನಲ್ಲವೇ? ನಮ್ಮ ಜಮೀನಿನಲ್ಲಿ ಮೂರನೆಯ ಒಂದು ಭಾಗ ಹೋದರೆ ನನ್ನ ಪಾಲೂ ಕಡಿಮೆಯಾಗುತ್ತದೆ ಎಂಬ ಲೆಕ್ಕವನ್ನು ನಾನು ಬಸ್ಸಿನಲ್ಲಿ ಕುಳಿತಾಗ ಮೊದಲ ಸಲ ಹಾಕಿದೆ.

ಹೊಸ ತೊಡಕೊಂದಿದೆ. ಅವಳ ಆಧಾರ್, ಪಡಿತರ ಚೀಟಿ ಎಲ್ಲವೂ ಅಜ್ಜ ಬರೆಸಿದ ಆ ಬೇರೆ ಹೆಸರಿನಲ್ಲಿವೆ. ನಾಡಕಚೇರಿಯಲ್ಲಿ ವಿಚಾರಿಸಿದರೆ, ಈ ಹೆಸರಿನವಳೇ ಆ ಮಗಳೆಂಬುದಕ್ಕೆ ಆಧಾರವೇನು ಎಂದು ಕೇಳಿದರು. ಕೇಳಿದ್ದು ತಪ್ಪಲ್ಲ.

ಹಳೆಯ ದಫ್ತರ

ಮೂರು ಆಧಾರಗಳನ್ನು ಕೂಡಿಸಿ. ಆಕೆ ಊರಿನಲ್ಲಿ ಓದಿದ್ದರೆ ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರಿನೊಂದಿಗೆ ಸಿಗಬಹುದು, ಹಳೆಯ ಪುಸ್ತಕಗಳನ್ನು ಬಹಳ ಶಾಲೆಗಳು ಈಗಲೂ ಉಳಿಸಿಕೊಂಡಿವೆ. ಎರಡನೆಯದು, ಅಂಚೆ ಮುದ್ರೆಯಿರುವ ಆ ಪತ್ರಗಳು. ಯಾವ ಕಾರಣಕ್ಕೂ ಮೂಲವನ್ನು ಕೈಬಿಡಬೇಡಿ, ಜೆರಾಕ್ಸ್ ಕೊಡಿ. ಮೂರನೆಯದು, ಎಲ್ಲಕ್ಕಿಂತ ಗಟ್ಟಿಯಾದದ್ದು, ಆಕೆಯನ್ನು ಹುಡುಗಿಯಾಗಿದ್ದಾಗಿನಿಂದ ಬಲ್ಲ ರಕ್ತಸಂಬಂಧಿಯ ಹೇಳಿಕೆ. ನಿಮ್ಮ ಅವ್ವ ಮದುವೆಯಾಗಿ ಬಂದದ್ದು ಆಮೇಲೆ, ಆದ್ದರಿಂದ ಅವರು ಸಾಲದು. ನೀವು ಬರೆದದ್ದನ್ನು ನೋಡಿದರೆ ಅಂಥವರು ಒಬ್ಬರೇ ಉಳಿದಿದ್ದಾರೆ.

ವಕಾಲತ್ತು

ನಾಡಕಚೇರಿಯಲ್ಲಿ ಆಗದಿದ್ದರೆ ಆಕೆಯೇ ಆ ಮಗಳೆಂಬ ಘೋಷಣೆಗಾಗಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬಹುದು, ಅಲ್ಲಿಯೂ ಬೇಕಾಗುವುದು ಅದೇ ಸಾಕ್ಷಿ. ಅಷ್ಟರವರೆಗೆ ಪೌತಿ ಖಾತೆಗೆ ಲಿಖಿತ ತಕರಾರು ಸಲ್ಲಿಸಿ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಪಡೆದುಕೊಳ್ಳಿ.

ನಾಲೆದಂಡೆ

ತಕರಾರು ಸಲ್ಲಿಸಿದ್ದೇನೆ. ಅಣ್ಣ ಗಿರಾಕಿಗೆ ಮುಂಗಡ ಹಿಂದಿರುಗಿಸಬೇಕಾಗಿ ಬಂತು, ಅದಕ್ಕೆ ನಾನೇ ಕಾರಣಳೆಂದು ಊರಿಗೆಲ್ಲ ಹೇಳಿದ್ದಾನೆ. ಕಾರಣ ನಾನೇ ಹೌದು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ದೊಡ್ಡತ್ತೆಯ ಹೆಸರು ಸಿಕ್ಕಿತು, ಏಳನೆಯ ತರಗತಿಯವರೆಗೆ.

ಚಿಕ್ಕತ್ತೆಯ ಮನೆಗೆ ನಾನು ಹೋಗಲಿಲ್ಲ, ಅವ್ವ ಹೋಗಿದ್ದಳು. ದೊಡ್ಡತ್ತೆ ಗುಣವಾಗಿ ಎಷ್ಟೋ ವರ್ಷಗಳಾದುವೆಂದೂ, ಅದು ವಂಶದಲ್ಲಿ ಹರಿಯುವ ಕಾಯಿಲೆಯಲ್ಲವೆಂದೂ, ಅಂದು ಅಜ್ಜಿಗೆ ಹೇಳಿದ್ದರಿಂದಲೇ ಅಕ್ಕನಿಗೆ ಮದ್ದು ಸಿಕ್ಕಿತೆಂದೂ ಕೋಟೆಯ ಊರು ಅವರ ಮಾತುಗಳನ್ನು ತನಗೆ ತಿಳಿದಂತೆ ಹೇಳಿ ಬಂದಳಂತೆ. ಚಿಕ್ಕತ್ತೆ ಏನೂ ಹೇಳಲಿಲ್ಲ. ಕಾಫಿ ಕೊಟ್ಟಳು, ಬಸ್ ನಿಲ್ದಾಣದವರೆಗೆ ಬಂದು ಬಿಟ್ಟುಹೋದಳು.

ನಿನ್ನೆ ಸಂಜೆ ಚಿಕ್ಕತ್ತೆಯ ಮಗ ಕರೆಮಾಡಿದ್ದ. ಬೇರೆ ಯಾವ ಮಾತನ್ನೂ ಆಡದೆ, ಗುರುವಾರ ನಾಡಕಚೇರಿ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಮಾತ್ರ ಕೇಳಿದ.